ನೆಲದ ಡೊಂಕು: ಕನ್ನಡದ ಕಾವ್ಯ, ಗಾಯನ ಮತ್ತು ರಂಗಪರಂಪರೆಯಲ್ಲಿ ಅಂಗವೈಕಲ್ಯ

ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆ ಕನ್ನಡ ನಾಡಿನ ಎಲ್ಲ ಭಾಗಗಳಲ್ಲಿಯೂ ಬಳಕೆಯಲ್ಲಿದೆ. ತನ್ನ ಕೊರತೆಯನ್ನು ಮುಚ್ಚಿಕೊಳ್ಳಲು ಹೊರಗಿನ ನೆಪವನ್ನು ಹುಡುಕುವವರನ್ನು ಹಂಗಿಸಲು ಇದನ್ನು ಹೇಳುತ್ತಾರೆ. ನೆಲ ಯಾವಾಗಲೂ ನೇರವಾಗಿಯೇ ಇರುತ್ತದೆ, ದೋಷವಿರುವುದು ಕುಣಿಯುವ ದೇಹದಲ್ಲಿ ಎಂಬ ನಂಬಿಕೆ ಇದರ ಹಿಂದಿದೆ. ಕಳೆದ ಐದು ದಶಕಗಳಲ್ಲಿ ರೂಪುಗೊಂಡ ಅಂಗವೈಕಲ್ಯ ಚಿಂತನೆಯು ಈ ನಂಬಿಕೆಯನ್ನೇ ತಿರುವಿ ಹಾಕಿತು. ಕಾಲಿನ ಊನಕ್ಕಿಂತ ಮೆಟ್ಟಿಲು, ಕಣ್ಣಿನ ಊನಕ್ಕಿಂತ ಅಚ್ಚಾದ ಪುಟ ಮನುಷ್ಯನನ್ನು ಹೆಚ್ಚು ಹೊರಗಿಡುತ್ತದೆ ಎಂಬುದು ಅದರ ವಾದ. ಅಂದರೆ ನೆಲ ನಿಜವಾಗಿಯೂ ಡೊಂಕಾಗಿರಬಹುದು. ಕನ್ನಡದ ಕಾವ್ಯ, ಗಾಯನ ಮತ್ತು ರಂಗಭೂಮಿಗಳು ಈ ಡೊಂಕನ್ನು ಎಲ್ಲಿ ಕಂಡಿವೆ, ಎಲ್ಲಿ ಕಾಣದೆ ದಾಟಿವೆ ಎಂಬ ಪ್ರಶ್ನೆ ನಮ್ಮ ವಿಮರ್ಶೆಯಲ್ಲಿ ಗಂಭೀರವಾಗಿ ಎದ್ದದ್ದು ಕಡಿಮೆ.

ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ಈ ದೃಷ್ಟಿಯಿಂದ ಮರು ಓದಿಗೆ ಯೋಗ್ಯವಾದ ಕೃತಿ. ರಾಣಿ ಅಮೃತಮತಿಯು ಇರುಳಿನಲ್ಲಿ ಕೇಳಿಬಂದ ಗಾನಕ್ಕೆ ಮೊದಲು ಮನಸೋಲುತ್ತಾಳೆ. ಹಾಡುವವನು ಯಾರೆಂದು ತಿಳಿದು ಬರಲು ಹೋದ ಸಖಿಗೆ ಕಾಣಿಸುವವನು ಮಾವಟಿಗ ಅಷ್ಟಾವಂಕ. ಸಖಿ ಹಿಂದಿರುಗಿ ಅವನ ದೇಹದ ವಿಕಾರಗಳನ್ನು ಒಂದೊಂದಾಗಿ ಎಣಿಸಿ ಹೇಸುತ್ತಾಳೆ. ರಾಣಿಯಾದರೋ ರೂಪದ ಮಾತನ್ನು ತಳ್ಳಿಹಾಕುತ್ತಾಳೆ. ಈ ಪ್ರಸಂಗವನ್ನು ಕುರಿತ ಚರ್ಚೆಯೆಲ್ಲ ಅಮೃತಮತಿಯ ಸುತ್ತಲೇ ನಡೆದಿದೆ: ಅವಳ ಕಾಮ ಪಾಪವೇ, ಸಹಜವೇ, ಕರ್ಮಫಲವೇ ಎಂದು ವಿದ್ವಾಂಸರು ತೂಗಿ ನೋಡಿದ್ದಾರೆ. ಅಷ್ಟಾವಂಕನು ಗಾಯಕ ಎಂಬ ಸಂಗತಿಯನ್ನು ಮಾತ್ರ ಯಾರೂ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿಲ್ಲ. ಅರಮನೆಯ ಗಾಯನಸಭೆಯಲ್ಲಿ ಅವನಿಗೆ ಎಡೆಯಿಲ್ಲ. ಅವನು ಹಾಡುವುದು ಇರುಳಿನಲ್ಲಿ, ಯಾರಿಗೂ ಕಾಣದ ಕಡೆ. ಕತ್ತಲೆಯಿರುವ ತನಕ ಅವನು ಸ್ವರ, ಬೆಳಕು ಹರಿದರೆ ಬರೀ ದೇಹ. ಕಾವ್ಯವು ಜೈನ ತಾತ್ವಿಕತೆಗೆ ಬದ್ಧವಾಗಿ ವಿಕಾರವನ್ನು ಕಾಮದ ಕುರುಡುತನಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳುತ್ತದೆ. ಆ ಸಾಕ್ಷ್ಯ ಗಟ್ಟಿಯಾಗಬೇಕಾದರೆ ದೇಹ ಹೇಸಿಕೆ ಹುಟ್ಟಿಸಲೇಬೇಕು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ಇದೇ ಕಥೆಯನ್ನು ರಂಗಕ್ಕೆ ತಂದಾಗ ಮಾವಟಿಗನಿಗೆ ಮಾತು ದೊರೆಯಿತು. ಜನ್ನನಿಂದ ಅಲ್ಲಿಗೆ ಏಳೂವರೆ ಶತಮಾನಕ್ಕೂ ಮಿಕ್ಕ ದೂರ.

ಗದುಗಿನ ವೀರನಾರಾಯಣನ ಸನ್ನಿಧಿಯೊಡನೆ ಹೆಸರು ಬೆಸೆದುಕೊಂಡಿರುವ ಕುಮಾರವ್ಯಾಸನ ಭಾರತದಲ್ಲಿ ಅಂಧತ್ವವು ಬೇರೆ ಬಗೆಯಲ್ಲಿ ಎದುರಾಗುತ್ತದೆ. ಧೃತರಾಷ್ಟ್ರನ ಕುರುಡು ಪುತ್ರವ್ಯಾಮೋಹದ ರೂಪಕವೆಂದು ತರಗತಿಗಳಲ್ಲಿ ಕಲಿಸಲಾಗುತ್ತದೆ. ರೂಪಕವಾಗುವುದಕ್ಕೆ ಮೊದಲು ಅದು ಹಕ್ಕಿನ ಪ್ರಶ್ನೆಯಾಗಿತ್ತು. ಹಿರಿಯನಾದರೂ ಕಣ್ಣಿಲ್ಲವೆಂಬ ಕಾರಣಕ್ಕೆ ಪಟ್ಟ ತಪ್ಪಿ ಪಾಂಡುವಿಗೆ ಹೋಯಿತು. ಇದು ಬರಿಯ ಪುರಾಣದ ಮಾತಲ್ಲ. ಕುರುಡರು, ಕಿವುಡರು, ಮೂಗರು ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಅನ್ನವಸ್ತ್ರ ಮಾತ್ರ ಸಲ್ಲುತ್ತದೆ ಎಂದು ಮನುಸ್ಮೃತಿ ವಿಧಿಸುತ್ತದೆ. ಈ ಅನರ್ಹತೆಯ ಬಹುಭಾಗವನ್ನು ಕಾನೂನು ತೆಗೆದುಹಾಕಿದ್ದು 1928ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಅದನ್ನು ಪೂರ್ಣಗೊಳಿಸಿತು. ಅನ್ನ ಕೊಡಬಹುದು, ಪಾಲು ಕೊಡಲಾಗದು ಎಂಬ ಈ ಹಳೆಯ ಲೆಕ್ಕಾಚಾರ ಇಂದಿನ ಎಷ್ಟೋ ದಾನಪತ್ರಗಳ ಹಿಂದೆಯೂ ಮಿಡಿಯುತ್ತಿರುತ್ತದೆ.

ಆದರೆ ಅದೇ ಭಾರತಕಥೆ ಇನ್ನೊಂದು ವ್ಯವಸ್ಥೆಯನ್ನೂ ಕಲ್ಪಿಸಿದೆ. ಭೀಷ್ಮಪರ್ವದಿಂದ ಮುಂದೆ ಯುದ್ಧವೆಲ್ಲ ಕಾಣದ ದೊರೆಗೆ ಸಂಜಯನು ಹೇಳಿದ ವರ್ಣನೆಯಾಗಿ ಸಾಗುತ್ತದೆ. ವ್ಯಾಸರು ಕಣ್ಣನ್ನು ಕೊಡಲು ಮುಂದಾದಾಗ ಧೃತರಾಷ್ಟ್ರನು ಅದನ್ನು ಬೇಡವೆಂದು ಕೇಳುವುದನ್ನೇ ಆರಿಸಿಕೊಂಡ ಎಂಬುದು ಮೂಲಕಥೆಯ ಸಂಗತಿ. ಮಹಾಕಾವ್ಯದ ಅತ್ಯಂತ ದೃಶ್ಯಮಯವಾದ ಭಾಗವು ಕಾಣದವನೊಬ್ಬನ ಸಲುವಾಗಿ ಮಾತಿಗಿಳಿದಿದೆ. ಆ ಕಾಣದವನ ಜೊತೆಗೆ ಕುಳಿತು ನಾವೂ ಕೇಳುತ್ತೇವೆ. ಗಮಕದ ಮೂಲಕ ಊರೂರಿನ ಗುಡಿ ಜಗುಲಿಗಳಲ್ಲಿ ಹರಿದಾಡಿದ ಕುಮಾರವ್ಯಾಸ ಭಾರತಕ್ಕೆ ಕಣ್ಣುಳ್ಳ ಶ್ರೋತೃ, ಕಣ್ಣಿಲ್ಲದ ಶ್ರೋತೃ ಎಂಬ ಭೇದವೇ ಇರಲಿಲ್ಲ. ಅಕ್ಷರ ಬಾರದವನೂ ಕಣ್ಣು ಕಾಣದವನೂ ಒಂದೇ ಜಮಖಾನೆಯ ಮೇಲೆ ಕುಳಿತಿರುತ್ತಿದ್ದರು. ಮುದ್ರಣವು ಕಾವ್ಯವನ್ನು ಓದು ಬಲ್ಲ ಹಲವರ ಕೈಗೆ ಮುಟ್ಟಿಸಿತು ಎಂಬ ಸರಿಯಾದ ಮಾತನ್ನು ಹೇಳುವಾಗ, ಕೇಳಿಯೇ ಕಾವ್ಯವನ್ನು ಬಲ್ಲವರಾಗಿದ್ದ ಕೆಲವರ ಕೈಯಿಂದ ಅದನ್ನು ಕಸಿಯಿತು ಎಂಬುದನ್ನೂ ಸೇರಿಸಬೇಕಾಗುತ್ತದೆ. ಮೌಖಿಕ ಪರಂಪರೆಯನ್ನು ಹಾಗೆಂದು ಆದರ್ಶೀಕರಿಸುವಂತಿಲ್ಲ. ಗಮಕಿಯ ಎದುರು ಕುಳಿತ ಕಿವುಡನಿಗೆ ಅಲ್ಲಿ ಏನೂ ದೊರೆಯುತ್ತಿರಲಿಲ್ಲ. ಮಾತು ಕೇಳದ, ಮಾತನಾಡದ ಹೆಣ್ಣೊಬ್ಬಳನ್ನು ಕಥೆಯ ನಡುವೆ ತಂದ ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964) ಚಿತ್ರವೂ ಕೇಳಬಲ್ಲ ಪ್ರೇಕ್ಷಕರಿಗಾಗಿ ಮಾತಿನಲ್ಲಿಯೇ ನಿರೂಪಿತವಾಯಿತು.

ಇಲ್ಲಿ ಹೆಳವರ ಉದಾಹರಣೆ ನೆನಪಾಗುತ್ತದೆ. ಮನೆತನಗಳ ವಂಶಾವಳಿಯನ್ನು ಹಾಡಿ ಹೇಳುವ, ಬರೆದಿಡುವ ಈ ಸಮುದಾಯದ ಹೆಸರೇ ಕಾಲಿಲ್ಲದವನೆಂಬ ಅರ್ಥದ್ದು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಬಟ್ಟೆಯಿಂದ ಮುಚ್ಚಿಕೊಂಡು ಊರಿಗೆ ಬರುವುದು ಅವರ ಸಂಪ್ರದಾಯ. ಮೂಲಪುರುಷನು ಹೆಳವನಾಗಿದ್ದನೆಂದು ಐತಿಹ್ಯ ಹೇಳುತ್ತದೆ. ಐತಿಹ್ಯದ ಸತ್ಯಾಸತ್ಯತೆ ಮುಖ್ಯವಲ್ಲ. ನಡೆಯಲಾರದವನಿಗೆ ಒಂದು ವಾಹನ, ಒಂದು ವಿದ್ಯೆ, ಊರೊಳಗೆ ಒಂದು ಬಾಧ್ಯತೆಯ ಸ್ಥಾನ ಈ ಮೂರನ್ನೂ ಒಟ್ಟಿಗೆ ಕಲ್ಪಿಸಿಕೊಂಡ ಜನಪದ ಬುದ್ಧಿ ಗಮನಾರ್ಹವಾದುದು. ಅದು ಕಾಲನ್ನು ವಾಸಿಮಾಡಲು ಹೋಗಲಿಲ್ಲ. ನಮ್ಮ ಭಕ್ತಿಪುರಾಣಗಳಾದರೋ ಬಹುತೇಕ ಅದೇ ಕೆಲಸ ಮಾಡುತ್ತವೆ. ಕುರುಡನಿಗೆ ಕಣ್ಣು ಬರುತ್ತದೆ, ಹೆಳವ ಎದ್ದು ನಡೆಯುತ್ತಾನೆ, ಆಮೇಲೆ ಅವನು ಭಕ್ತರ ಸಾಲಿಗೆ ಸೇರುತ್ತಾನೆ.

ಕುಮಾರವ್ಯಾಸನ ಗದುಗಿನಲ್ಲಿಯೇ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ವೀರೇಶ್ವರ ಪುಣ್ಯಾಶ್ರಮವು ಈ ಚರ್ಚೆಯ ಕೇಂದ್ರದಲ್ಲಿ ನಿಲ್ಲಬೇಕಾದ ಸಂಸ್ಥೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು ಹುಟ್ಟಿನಿಂದಲೇ ದೃಷ್ಟಿಹೀನರು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಸ್ವರವನ್ನು ಗುರುತಿಸಿ ಕಲಿಕೆಗೆ ಏರ್ಪಾಡು ಮಾಡಿದರು. ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಸಾಧಿಸಿ ಅವರು ಉಭಯಗಾನ ವಿಶಾರದರೆನಿಸಿದರು. ಅವರು ಆರಂಭಿಸಿದ ಸಂಗೀತಶಾಲೆ ಮೊದಲು ಊರಿಂದೂರಿಗೆ ಸಂಚರಿಸುತ್ತಿತ್ತು. ಗದುಗಿನಲ್ಲಿ ನೆಲೆನಿಂತದ್ದು ಆಮೇಲೆ. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಅದೇ ತಾಲ್ಲೂಕಿನ ದೇವಗಿರಿಯವರಾದ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಆಶ್ರಮವನ್ನು ಆರೂವರೆ ದಶಕ ನಡೆಸಿದರು. ಗಾಯನ, ಹಲವು ವಾದ್ಯಗಳು, ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥರಚನೆ, ನಾಟಕಗಳು ಎಲ್ಲವೂ ಅವರ ಕೃಷಿಯಲ್ಲಿ ಸೇರಿವೆ. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಈ ಇಬ್ಬರನ್ನು ಕುರಿತು ಹುಟ್ಟಿದ ಚರಿತ್ರೆ, ಪುರಾಣ, ಸ್ತುತಿಸಾಹಿತ್ಯ ವಿಪುಲವಾಗಿದೆ. ಅದರ ವ್ಯಾಕರಣವನ್ನು ಗಮನಿಸಿದರೆ ಒಂದು ರೂಪ ಮತ್ತೆ ಮತ್ತೆ ಬರುತ್ತದೆ: ‘ಕಣ್ಣಿಲ್ಲದಿದ್ದರೂ’. ಕಣ್ಣಿಲ್ಲದಿದ್ದರೂ ಹಾಡಿದರು, ಕಣ್ಣಿಲ್ಲದಿದ್ದರೂ ಬರೆದರು, ಕಣ್ಣಿಲ್ಲದಿದ್ದರೂ ನಾಟಕ ಕಂಪನಿ ಕಟ್ಟಿದರು. ಈ ‘ರೂ’ ಪ್ರತ್ಯಯದ ಹಿಂದೆ, ಹಾಡುವುದಕ್ಕೂ ಬರೆಯುವುದಕ್ಕೂ ಕಣ್ಣು ಬೇಕೇ ಬೇಕು ಎಂಬ ಊಹೆ ಅಡಗಿದೆ. ಊಹೆ ಸುಳ್ಳಾದಾಗ ಪವಾಡವೆಂಬ ಮಾತು ಬರುತ್ತದೆ, ಅಂತಶ್ಚಕ್ಷುವಿನ ಮಾತು ಬರುತ್ತದೆ. ಪವಾಡವಾದ ಮೇಲೆ ‘ಹೇಗೆ’ ಎಂದು ಕೇಳುವ ಅಗತ್ಯ ಉಳಿಯುವುದಿಲ್ಲ.

‘ಹೇಗೆ’ ಎಂದು ಕೇಳಿದರೆ ದೊರೆಯುವ ಉತ್ತರ ಪವಾಡಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಬಾಯಿಂದ ಕಿವಿಗೆ ಪಾಠ ಸಾಗುವ ಗುರುಕುಲ ಪದ್ಧತಿಯಲ್ಲಿ ಲಿಪಿಯ ಅಡ್ಡಿ ಇರಲಿಲ್ಲ. ಸಂಗೀತವನ್ನೇ ಆಯ್ದುಕೊಂಡದ್ದರಲ್ಲಿ ಈ ವಿವೇಕವಿತ್ತು. ಗುರು ಹೇಳುತ್ತಿದ್ದರೆ ಬರೆದುಕೊಳ್ಳುವ ಶಿಷ್ಯರಿದ್ದರು. ಬ್ರೈಲ್ ಲಿಪಿಯೂ ಕೈಗೆ ಬಂತು. ವಸತಿಯೂ ಅನ್ನವೂ ದಾಸೋಹದ ಪದ್ಧತಿಯಲ್ಲಿ ನಡೆದವು. ಆಶ್ರಮದ ಖರ್ಚಿಗೆ ಕುಮಾರೇಶ್ವರ ಕೃಪಾಪೋಷಿತ ನಾಟಕ ಕಂಪನಿಯ ಗಳಿಕೆ ನೆರವಾಯಿತು. ಭಕ್ತರು ಊರೂರಿನಲ್ಲಿ ನಡೆಸಿದ ಪುಟ್ಟರಾಜರ ತುಲಾಭಾರಗಳ ಹಣ ಅಲ್ಲಿಗೇ ಸೇರಿತು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಅಂಧರನ್ನು ಮಾತ್ರ ಕೂಡಿಹಾಕಿದ ಶಾಲೆಯಾಗಿರಲಿಲ್ಲ. ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು, ಪುಟ್ಟರಾಜರ ಶಿಷ್ಯರಾದ ಎಂ. ವೆಂಕಟೇಶಕುಮಾರ್ ದೃಷ್ಟಿಯುಳ್ಳವರು. ಕಾಣುವ ಶಿಷ್ಯ ಕಾಣದ ಗುರುವಿನ ಮುಂದೆ ಕುಳಿತು ವಿದ್ಯೆ ಬೇಡಿದ. ದಯೆ ತೋರುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಸಂಬಂಧ ಇಲ್ಲಿ ತಲೆಕೆಳಗಾಯಿತು. ಒಳಗೊಳ್ಳುವಿಕೆ ಎಂಬ ಪದ ಇಲಾಖೆಗಳ ಕಡತಕ್ಕೆ ಬರುವುದಕ್ಕೆ ಎಷ್ಟೋ ಮೊದಲೇ ಗದುಗಿನಲ್ಲಿ ಅದರ ಒಂದು ರೂಪ ನಡೆದಿತ್ತು.

ಆ ರೂಪಕ್ಕೆ ಮಿತಿಗಳೂ ಇದ್ದವು. ಅಂಧನು ಸಮುದಾಯದೊಳಗೆ ಪೂಜ್ಯನಾಗಿ ಬಂದ, ನೆರೆಯವನಾಗಿ ಬಂದದ್ದು ಕಡಿಮೆ. ಸ್ವರಜ್ಞಾನವಿಲ್ಲದ ಅಂಧನ ಗತಿಯೇನು? ಕುರುಡರೆಂದರೆ ಹಾಡುವವರು ಎಂಬ ನಿರೀಕ್ಷೆಯನ್ನು ಆಶ್ರಮದ ಯಶಸ್ಸೇ ಗಟ್ಟಿಗೊಳಿಸಿತು. ಗಣಿತ ಕಲಿಯಬಯಸುವ, ಅಂಗಡಿ ಇಡಬಯಸುವ, ಸುಮ್ಮನೆ ಜಾತ್ರೆಯಲ್ಲಿ ತಿರುಗಾಡಬಯಸುವ ಅಂಧನಿಗೆ ಆ ಕೀರ್ತಿಯಿಂದ ಒದಗುವುದು ಹೆಚ್ಚೇನಿಲ್ಲ. 1995ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರವು, ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಅದರ ಸಂಗೀತದ ಸೊಗಸಿನ ನಡುವೆಯೂ, ಈ ಕಡೆಗೆ ತಿರುಗಲಿಲ್ಲ. ತಿರುಗಬೇಕೆಂದು ಭಕ್ತಿಚಿತ್ರವೊಂದನ್ನು ಒತ್ತಾಯಿಸುವುದೂ ನ್ಯಾಯವಲ್ಲ.

ಪದಗಳ ವಿಷಯದಲ್ಲಿಯೂ ಗೊಂದಲ ಮುಂದುವರಿದಿದೆ. ಕುರುಡ, ಕುಂಟ ಎಂಬ ದೇಸಿ ಮಾತುಗಳು ಬೈಗುಳಾದವೆಂದು ‘ಅಂಗವಿಕಲ’ ಬಂತು. ಅದು ಒರಟೆನಿಸಿ ‘ವಿಕಲಚೇತನ’ ಬಂತು, ಸರ್ಕಾರಿ ಇಲಾಖೆಯ ಹೆಸರಿಗೂ ಏರಿತು. ಅಂಗದಲ್ಲಿದ್ದ ವೈಕಲ್ಯವನ್ನು ಈ ಪದ ಚೇತನಕ್ಕೇ ಹತ್ತಿಸಿತು ಎಂಬುದು ಅದನ್ನು ರೂಢಿಗೆ ತಂದವರ ಗಮನಕ್ಕೆ ಬರಲಿಲ್ಲವೇನೋ. 2015ರ ಕೊನೆಯಲ್ಲಿ ‘ದಿವ್ಯಾಂಗ’ ಸೇರಿಕೊಂಡಿತು. ಪವಾಡದ ಭಾಷೆ ಹೀಗೆ ಆಡಳಿತದ ಭಾಷೆಯೂ ಆಯಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು 13 ಲಕ್ಷಕ್ಕೂ ಹೆಚ್ಚು. ಇಷ್ಟು ಜನಕ್ಕೆ ದಿವ್ಯತ್ವ ಬೇಕೋ, ಬಸ್ಸಿಗೆ ತಗ್ಗಿದ ಮೆಟ್ಟಿಲು ಬೇಕೋ ಎಂಬುದನ್ನು ಅವರನ್ನೇ ಕೇಳಬಹುದಿತ್ತು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 29ನೆಯ ಪ್ರಕರಣವು ಸಂಸ್ಕೃತಿ ಮತ್ತು ಮನರಂಜನೆಗೆ ಸಂಬಂಧಿಸಿದ್ದು. ಅಂಗವೈಕಲ್ಯವುಳ್ಳ ಕಲಾವಿದರಿಗೂ ಲೇಖಕರಿಗೂ ನೆರವು, ಅವರ ಇತಿಹಾಸವನ್ನು ದಾಖಲಿಸುವ ವಸ್ತುಸಂಗ್ರಹಾಲಯ, ಎಲ್ಲರಿಗೂ ನಿಲುಕುವ ಕಲೆ, ಅವರೂ ಕಲಿಯುವಂತೆ ಮರುರೂಪಿಸಿದ ಪಠ್ಯಕ್ರಮ ಇವೆಲ್ಲ ಅದರಲ್ಲಿವೆ. ಸಾಹಿತ್ಯ, ನಾಟಕ, ಸಂಗೀತ ಅಕಾಡೆಮಿಗಳಿಗೆ ಇಷ್ಟು ನೇರವಾಗಿ ಅನ್ವಯಿಸುವ ಪ್ರಕರಣ ಅಕಾಡೆಮಿಗಳ ಚರ್ಚೆಯಲ್ಲಿ ಅಪರೂಪವಾಗಿ ಕೇಳಿಬರುತ್ತದೆ. ರಂಗಮಂದಿರಗಳ ರಚನೆಯೇ ಇದಕ್ಕೆ ಉದಾಹರಣೆ. ಪ್ರೇಕ್ಷಾಗೃಹದ ಬಾಗಿಲಿಗೆ ಇಳಿಜಾರು ಕಟ್ಟಿದ ಕಡೆಯೂ ವೇದಿಕೆಗೆ ಮೆಟ್ಟಿಲಷ್ಟೇ ಇರುವುದು ಸಾಮಾನ್ಯ. ಅಂಗವೈಕಲ್ಯವುಳ್ಳವನು ನೋಡಲು ಬರಬಹುದು, ಆಡಲು ಬರಲಾರ ಎಂದು ನಕ್ಷೆಯೇ ತೀರ್ಮಾನಿಸಿಬಿಟ್ಟಿರುತ್ತದೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಅಂಗೀಕೃತ ಪ್ರಮಾಣ. ಮೂರಡಿಯ ವೇದಿಕೆಗೆ ಅದು 36 ಅಡಿಯಾಗುತ್ತದೆ. ಕಟ್ಟಿದ ಮೇಲೆ ಸೇರಿಸಲು ಜಾಗ ಸಾಲದು, ಕಟ್ಟುವ ಮುನ್ನ ಯೋಚಿಸಿದರೆ ಕಷ್ಟವೇನಿಲ್ಲ. ಇಂಥ ಪ್ರಮಾಣಗಳು ಬರಿಯ ಶಿಫಾರಸುಗಳಾಗಿ ಉಳಿಯುವಂತಿಲ್ಲ, ಕಡ್ಡಾಯ ಮಾನದಂಡಗಳನ್ನು ರೂಪಿಸಬೇಕು ಎಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು.

ಪುಸ್ತಕಗಳ ಮೆಟ್ಟಿಲು ಇದಕ್ಕಿಂತ ಕಡಿದಾದುದು. 2012ರ ತಿದ್ದುಪಡಿಯ ಅನಂತರ ಕೃತಿಸ್ವಾಮ್ಯದ ಕಾನೂನು, ಅಂಗವೈಕಲ್ಯವುಳ್ಳವರ ಬಳಕೆಗಾಗಿ ಪುಸ್ತಕವನ್ನು ಅವರಿಗೆ ನಿಲುಕುವ ರೂಪಕ್ಕೆ ತರಲು ಅಡ್ಡಿಯಾಗಿಲ್ಲ. ಅಂಧ ಓದುಗರ ಸಲುವಾದ ಮರಕೇಶ್ ಒಡಂಬಡಿಕೆಯನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ಭಾರತ. ಕನ್ನಡದ ತೊಡಕು ಕಾನೂನಿನದಲ್ಲ. ಯೂನಿಕೋಡ್ ಬರುವ ಮುನ್ನಿನ ಅಕ್ಷರ ಸಂಕೇತಗಳಲ್ಲಿ ಜೋಡಿಸಿದ ಪಠ್ಯವನ್ನು ಗಣಕದ ಓದುವ ತಂತ್ರಾಂಶಕ್ಕೆ ಕೊಟ್ಟರೆ ಅದು ಅರ್ಥವಿಲ್ಲದ ಚಿಹ್ನೆಗಳನ್ನು ಉಸುರುತ್ತದೆ. ಹಳೆಯ ಸಂಪಾದಿತ ಕಾವ್ಯಗಳು ಅಂತರ್ಜಾಲದಲ್ಲಿ ಸಿಕ್ಕರೂ ಬಹುತೇಕ ಪುಟದ ಚಿತ್ರಗಳಾಗಿ ಸಿಗುತ್ತವೆ. ಚಿತ್ರದ ಮುಂದೆ ಆ ತಂತ್ರಾಂಶ ಮೌನ. ಇಂದು ‘ಯಶೋಧರ ಚರಿತೆ’ಯನ್ನು ಕುರಿತು ಸಂಶೋಧನೆಗೆ ತೊಡಗುವ ಅಂಧ ವಿದ್ಯಾರ್ಥಿಯು ಹಳೆಯ ಸಂಪಾದನೆಯೊಂದನ್ನು ಪಾಠಾಂತರಗಳ ಸಮೇತ ನೋಡಬೇಕಾದರೆ ಪಕ್ಕದಲ್ಲಿ ಓದಿ ಹೇಳುವ ಒಬ್ಬ ಸಂಜಯನನ್ನು ಗೊತ್ತುಮಾಡಿಕೊಳ್ಳಬೇಕು. ಆ ಗೆಳೆಯ ರಜೆಗೆ ಊರಿಗೆ ಹೋದರೆ ಅವನು ಬರುವವರೆಗೆ ಸಂಶೋಧನೆ ನಿಂತಿರುತ್ತದೆ.