ವಾಸಿಯಾದ ಮೇಲಿನ ಕತೆ

ತ್ರಿವೇಣಿಯವರ ‘ಶರಪಂಜರ’ವನ್ನು ನಾವು ಹುಚ್ಚಿನ ಕತೆಯೆಂದೇ ನೆನೆಯುತ್ತೇವೆ. ನಿಜಕ್ಕೂ ಅದು ವಾಸಿಯಾದ ಮೇಲಿನ ಕತೆ. ಬಾಣಂತಿತನದಲ್ಲಿ ಮನೋರೋಗಕ್ಕೆ ತುತ್ತಾದ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಸುತ್ತಲಿನವರ ಕಣ್ಣಿನಲ್ಲಿ ಮಾತ್ರ ಹುಚ್ಚಿಯಾಗಿಯೇ ಉಳಿಯುತ್ತಾಳೆ. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಕಾವೇರಿ ಕೊನೆಗೆ ಮತ್ತೆ ಆಸ್ಪತ್ರೆಗೇ ಹೋಗುವುದನ್ನು ಕಂಡು ಒಂದು ಪೀಳಿಗೆಯೇ ಕಣ್ಣೀರಿಟ್ಟಿತು.

ರೋಗದ ಉತ್ತರಾರ್ಧ ಇರುವುದು ಮನೆಯಲ್ಲಿ ಎಂಬುದನ್ನು ಈ ಕೃತಿ ಕನ್ನಡಕ್ಕೆ ಹೇಳಿಕೊಟ್ಟಿತು. ಅದರ ದೊಡ್ಡತನ ಅಲ್ಲಿದೆ. ಮಿತಿಯೂ ಅಲ್ಲೇ ಇದೆ. ಕಾವೇರಿಯದು ಉಳ್ಳವರ ಮನೆ. ಅವಳನ್ನು ಚುಚ್ಚುವ ಬಾಣಗಳು ಜನರ ನೋಟ ಮತ್ತು ಗಂಡನ ಉದಾಸೀನ. ಕೂಲಿಯ ಮನೆಯ ಕಾವೇರಿಗೆ ಈ ಬಾಣಗಳ ಜೊತೆ ಇನ್ನೂ ಕೆಲವಿವೆ. ಮಾತ್ರೆಯನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನುಂಗಬೇಕು. ನುಂಗಿದರೆ ಮಂಪರು, ಕೈನಡುಕ. ಕಳೆ ಕೀಳಲು ಆಗುವುದಿಲ್ಲ. ಜಿಲ್ಲಾಸ್ಪತ್ರೆಗೆ ಹೋಗಬೇಕೆಂದರೆ ಎರಡು ಬಸ್ಸು, ಜೊತೆಗೊಬ್ಬರು, ಅಂದರೆ ಒಂದು ದಿನಕ್ಕೆ ಎರಡು ಕೂಲಿ ಖೋತಾ. ಸ್ವಲ್ಪ ಹುಷಾರಾದಂತೆ ಕಂಡಾಗ ಆ ಮನೆ ಮಾತ್ರೆ ನಿಲ್ಲಿಸುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಇದೆಲ್ಲ ‘ರೋಗಿ ಬರಲಿಲ್ಲ’ ಎಂಬ ಎರಡು ಪದಗಳಾಗುತ್ತದೆ. ತಪ್ಪು ರೋಗಿಯ ತಲೆಗೆ.

ನಮ್ಮ ನಾಡಿಗೆ ಇದು ತಿಳಿಯದ ಸಂಗತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 1975ರಲ್ಲೇ ಸಕಲವಾರದ ಹಳ್ಳಿಗಳಿಗೆ ಇಳಿಯಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಊರಿನ ಹತ್ತಿರಕ್ಕೆ ತರಲಾಯಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2017ರ ಕಾಯ್ದೆ ಬಡತನ ರೇಖೆಯ ಕೆಳಗಿನವರಿಗೆ ಉಚಿತ ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಆದರೆ ಹುದ್ದೆ ಖಾಲಿ ಬಿದ್ದ ಕಡೆ, ಮಾತ್ರೆಯ ದಾಸ್ತಾನು ಮುಗಿದ ಕಡೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಸ್ವಾಗತಾರ್ಹ. ಆದರೆ ದೂರವಾಣಿಯಲ್ಲಿ ಸಾಂತ್ವನ ಬರುತ್ತದೆ, ಮಾತ್ರೆ ಬರುವುದಿಲ್ಲ.

ಮಾತ್ರೆ ತಲುಪದ ಕಡೆ ಜನ ಎಲ್ಲಿಗೆ ಹೋಗುತ್ತಾರೆ? ಹರಕೆಗೆ, ತಾಯತಕ್ಕೆ, ದರ್ಗಾಕ್ಕೆ. ಇದನ್ನು ಮೌಢ್ಯವೆಂದು ಒಂದೇ ಮಾತಿಗೆ ತಳ್ಳಿಹಾಕುವುದು ಸುಲಭ. ದರ್ಗಾ ಚೀಟಿ ಕೇಳುವುದಿಲ್ಲ, ಮುಂದಿನ ತಾರೀಕು ಕೊಟ್ಟು ವಾಪಸು ಕಳಿಸುವುದಿಲ್ಲ ಎಂಬುದನ್ನೂ ನಾವು ನೋಡಬೇಕು. ಹಾಗೆಂದು ಏರ್ವಾಡಿಯನ್ನು ಮರೆಯುವಂತಿಲ್ಲ. ತಮಿಳುನಾಡಿನ ಆ ದರ್ಗಾದ ಊರಿನಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮನೋರೋಗಿಗಳು ಸತ್ತರು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಬೇರೆ ದಾರಿ ಹುಡುಕಿದರು. ಅಲ್ಲಿ ಮುಜಾವರರೇ ರೋಗಿಯನ್ನು ಪಕ್ಕದಲ್ಲಿರುವ ಮನೋವೈದ್ಯರ ಬಳಿ ಕಳಿಸುತ್ತಾರೆ. ದುವಾ ನಿಲ್ಲಲಿಲ್ಲ, ಅದರ ಮಗ್ಗುಲಿಗೆ ದವಾ ಬಂತು. ರೋಗಿ ಇರುವಲ್ಲಿಗೆ ಚಿಕಿತ್ಸೆ ಹೋಗುವುದೆಂದರೆ ಇದು.

ಆಗಬೇಕಾದದ್ದು ದೊಡ್ಡ ಕಟ್ಟಡವಲ್ಲ. ತಿಂಗಳ ಮಾತ್ರೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ತಾರೀಕಿಗೆ ಬಾರದವರ ಹೆಸರು ಆಶಾ ಕಾರ್ಯಕರ್ತೆಗೆ ತಲುಪಬೇಕು. ಆಕೆ ಮನೆಗೆ ಹೋಗಿ ಬಂದದ್ದಕ್ಕೆ ಸಂಭಾವನೆ ಸಿಗಬೇಕು. ಆಸ್ಪತ್ರೆಗಳು ಎಷ್ಟು ಜನರನ್ನು ಮನೆಗೆ ಕಳಿಸಿದೆವು ಎಂದಷ್ಟೇ ಲೆಕ್ಕ ಕೊಟ್ಟರೆ ಸಾಲದು. ಆರು ತಿಂಗಳ ನಂತರ ಅವರಲ್ಲಿ ಎಷ್ಟು ಜನ ಮಾತ್ರೆ ಮುಂದುವರಿಸಿದ್ದಾರೆ ಎಂಬ ಲೆಕ್ಕವನ್ನೂ ಕೊಡಬೇಕು.

ಕತೆ ಬರೆಯುವ ನಮಗೂ ಇಲ್ಲಿ ಕೆಲಸವಿದೆ. ತ್ರಿವೇಣಿಯವರು ಕಾವೇರಿಯನ್ನು ಆಸ್ಪತ್ರೆಯ ಬಾಗಿಲಿನಿಂದ ಮನೆಯವರೆಗೆ ಹಿಂಬಾಲಿಸಿದರು. ಬಸ್ಸಿಗೆ ಕಾಸಿಲ್ಲದೆ ಊರಲ್ಲೇ ಉಳಿದ ಕಾವೇರಿಯರನ್ನು ಹಿಂಬಾಲಿಸುವ ಕತೆಗಳು ಕನ್ನಡಕ್ಕೆ ಇನ್ನೂ ಬೇಕು.