ಕಾಣುವ ಚೀಟಿ, ಎಣಿಸದ ಚೀಟಿ

ಮತಯಂತ್ರದ ಗುಂಡಿ ಒತ್ತಿದರೆ, ಹಾಕಿದ ಮತವನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ 7 ಸೆಕೆಂಡು ಚೀಟಿಯೊಂದು ಕಾಣುತ್ತದೆ. ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ. ಆಮೇಲೆ ಅದು ಪೆಟ್ಟಿಗೆಗೆ ಬೀಳುತ್ತದೆ. 2013ರ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲ ಸಲ ಬಳಕೆಯಾದ ಈ ಯಂತ್ರ 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಮತಗಟ್ಟೆಗಳಿಗೂ ಬಂತು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಇಷ್ಟು ಯಂತ್ರಗಳನ್ನು ತಯಾರಿಸಿದ್ದು ನಿಜಕ್ಕೂ ದೊಡ್ಡ ಕೆಲಸ. 2018ರಲ್ಲಿ ಉತ್ತರ ಪ್ರದೇಶದ ಕೈರಾನಾ ಉಪಚುನಾವಣೆಯಲ್ಲಿ ಯಂತ್ರಗಳು ಕೈಕೊಟ್ಟು ಹಲವೆಡೆ ಮರುಮತದಾನವಾಯಿತು. ಆದರೆ ಅಂಥ ತೊಡಕು ರಿಪೇರಿಯಾಗುವಂಥದ್ದು.

ರಿಪೇರಿಯಾಗದೆ ಉಳಿದಿರುವುದು ಎಣಿಕೆಯ ನಿಯಮ. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 1ರ ಬದಲು 5 ಮತಗಟ್ಟೆಗಳ ಚೀಟಿ ಎಣಿಸಲು ಹೇಳಿತು. ವಿರೋಧ ಪಕ್ಷಗಳು ಕೇಳಿದ್ದು ಶೇ 50. ಅಷ್ಟು ಎಣಿಸಿದರೆ ಫಲಿತಾಂಶ ದಿನಗಟ್ಟಲೆ ತಡವಾಗುತ್ತದೆ ಎಂದಿತ್ತು ಚುನಾವಣಾ ಆಯೋಗ. ಇಡೀ ದೇಶದ ಯಂತ್ರಗಳು ಒಟ್ಟಾರೆ ಸರಿಯಿವೆಯೇ ಎಂದು ಕೇಳಿದರೆ ಕ್ಷೇತ್ರಕ್ಕೆ 5ರ ಮಾದರಿ ಧಾರಾಳವಾಯಿತು. ಆದರೆ ಕಡಿಮೆ ಅಂತರದಲ್ಲಿ ಸೋತವರ, ಅವರಿಗೆ ಮತ ಹಾಕಿದವರ ಪ್ರಶ್ನೆ ತಮ್ಮ ಕ್ಷೇತ್ರದ್ದು. 250 ಮತಗಟ್ಟೆಗಳ ಕ್ಷೇತ್ರದಲ್ಲಿ 5 ಯಂತ್ರ ತಪ್ಪಿದ್ದರೆ, ಲಾಟರಿ ಎತ್ತಿ ಆರಿಸಿದ 5ರಲ್ಲಿ ಅವುಗಳಲ್ಲೊಂದಾದರೂ ಸಿಗುವ ಸಾಧ್ಯತೆ ಹತ್ತರಲ್ಲಿ ಒಂದರಷ್ಟು. ಗೆಲುವಿನ ಅಂತರ ನೂರಿರಲಿ, ಲಕ್ಷವಿರಲಿ, ಎಣಿಸುವುದು ಮಾತ್ರ ಅದೇ ಐದು. ಇದು ಲೆಕ್ಕಕ್ಕೂ ನ್ಯಾಯಕ್ಕೂ ಒಪ್ಪದ ಪದ್ಧತಿ.

ಮತದಾರರ ಪಾಡು ಇನ್ನೂ ಕಷ್ಟ. ಚೀಟಿಯಲ್ಲಿ ಬೇರೆ ಚಿಹ್ನೆ ಬಂತೆಂದು ದೂರಿದರೆ ಚುನಾವಣಾ ನಿಯಮಾವಳಿಯ 49ಎಂಎ ನಿಯಮದಂತೆ ಮೊದಲು ಲಿಖಿತ ಘೋಷಣೆ ಕೊಡಬೇಕು, ಆಮೇಲೆ ಪರೀಕ್ಷಾ ಮತ ಹಾಕಬೇಕು. ಒಮ್ಮೆ ತಪ್ಪಿದ ಯಂತ್ರ ಎರಡನೇ ಸಲ ಸರಿಯಾಗಿ ಮುದ್ರಿಸಿದರೆ ದೂರು ಸುಳ್ಳೆಂದಾಗಿ 6 ತಿಂಗಳವರೆಗೆ ಸೆರೆವಾಸದ ಭಯ. ಕೂಲಿ ಬಿಟ್ಟು ಬಂದು ಸರದಿಯಲ್ಲಿ ನಿಂತವರು ಈ ಭಯ ಮೀರಿ ಬಾಯಿ ತೆರೆದಾರೆಯೇ? ದೂರುಗಳು ಕಡಿಮೆ ಎಂಬುದನ್ನೇ ಯಂತ್ರದ ನಿಖರತೆಗೆ ಸಾಕ್ಷಿಯಾಗಿಸುವುದು ಅನ್ಯಾಯ.

ಕರ್ನಾಟಕದ 14 ಲೋಕಸಭಾ ಕ್ಷೇತ್ರಗಳು ಮತ ಹಾಕುತ್ತಿದ್ದ 2024ರ ಏಪ್ರಿಲ್ 26ರಂದೇ ಎಲ್ಲ ಚೀಟಿಗಳ ಎಣಿಕೆಯ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಜೊತೆಗೆ ಚೀಟಿಗಳನ್ನು ಯಂತ್ರದಿಂದ ಎಣಿಸುವ ಸಲಹೆಯನ್ನು ಪರಿಶೀಲಿಸಲು ಆಯೋಗಕ್ಕೆ ಹೇಳಿತು. ಅದು ಜಾರಿಯಾದರೆ ತಡವಾಗುತ್ತದೆಂಬ ವಾದಕ್ಕೆ ಬಲವಿರದು. ಗೆಲುವಿನ ಅಂತರ ಕಡಿಮೆಯಾದಷ್ಟೂ ಹೆಚ್ಚು ಚೀಟಿ ಎಣಿಸುವ ನಿಯಮವನ್ನು ಆಯೋಗ ತರಬೇಕು. ದೂರು ಕೊಟ್ಟವರ ಮೇಲಿನ ಶಿಕ್ಷೆಯ ಭಯವನ್ನು ಸರ್ಕಾರ ತೆಗೆಯಬೇಕು.