ತಾಲೀಮಿನ ಹೊಸ್ತಿಲು

ಪೈಲ್ವಾನನ ಖುರಾಕಿನ ಲೆಕ್ಕ ಊರಿಗೆಲ್ಲ ಗೊತ್ತಿರುತ್ತದೆ: ದಿನಕ್ಕೆ ಇಷ್ಟು ಹಾಲು, ಇಷ್ಟು ತುಪ್ಪ, ಇಷ್ಟು ಬಾದಾಮಿ. ಆ ಹಾಲು ಕೊಟ್ಟ ಎಮ್ಮೆಗೆ ಹುಲ್ಲು ಹೊತ್ತವರು ಯಾರು, ಅವನ ತಾಟಿಗೆ ರೊಟ್ಟಿ ಬಡಿದವರು ಯಾರು ಎಂಬ ಲೆಕ್ಕ ಮಾತ್ರ ಯಾರ ಬಾಯಲ್ಲೂ ಇಲ್ಲ. ಬೆಳಗಾವಿಯ ಆನಂದವಾಡಿ ಅಖಾಡದ ಸುತ್ತ ಜನ ಕಿಕ್ಕಿರಿದಾಗಲೂ, ಖಾನಾಪುರ ಸೀಮೆಯ ಜಾತ್ರೆಯಲ್ಲಿ ಹಲಗಿ ಬಡಿದು ಜೋಡಿ ಬಿಟ್ಟಾಗಲೂ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಬಿಟ್ಟುಹೋದ ಲೆಕ್ಕವೇ.

ಮೊದಲು ಗರಡಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ನಮ್ಮ ಕಡೆ ತಾಲೀಮು ಎಂದು ಕರೆಯುವ ಈ ಮನೆ ಬರೀ ಮೈ ಬೆಳೆಸುವ ಜಾಗವಲ್ಲ. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ಲಿಂಬೆರಸ ಬೆರೆಸಿ ಹದ ಮಾಡಿದ ಮಟ್ಟಿಯಲ್ಲಿ ಇಳಿದವನು ಹನುಮಪ್ಪನಿಗೆ ಕೈಮುಗಿದು, ಕುಸ್ತಿ ಕಲಿಸುವ ವಸ್ತಾದರ ಕಾಲು ಮುಟ್ಟಿ, ಎದುರಾಳಿಯ ಮೈಗೆ ತಾನೇ ಮಣ್ಣು ಹಚ್ಚುತ್ತಾನೆ. ಢಾಕ್, ಘಿಸ್ಸಾ, ಏಕಲಂಗಿ: ಪಟ್ಟುಗಳ ಹೆಸರಿಗೆ ಕನ್ನಡ–ಮರಾಠಿಯ ಗಡಿ ಗೊತ್ತಿಲ್ಲ. ಹಿಂದೂ–ಮುಸ್ಲಿಂ ಪೈಲ್ವಾನರು ಒಂದೇ ಮಣ್ಣಿನಲ್ಲಿ ಹೊರಳಿದ್ದಾರೆ. ಇಷ್ಟು ಉದಾರವಾದ ಮನೆಯ ಹೊಸ್ತಿಲು ಹೆಣ್ಣಿನ ಮುಂದೆ ಮಾತ್ರ ಯಾಕೆ ಅಷ್ಟು ಎತ್ತರವಾಯಿತು?

ಇದನ್ನು ಅರಿಯಲು ಸ್ವಲ್ಪ ದೂರ ಹೋಗಬೇಕು. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲೂ ಗರಡಿಗಳಿದ್ದವು. ಅದಕ್ಕೆ ಅವರು ಪಾಲೈಸ್ತ್ರಾ ಎನ್ನುತ್ತಿದ್ದರು. ಮೈಗೆ ಆಲಿವ್ ಎಣ್ಣೆ, ಮೇಲೆ ಧೂಳು. ಆಟ ಮುಗಿದ ಮೇಲೆ ಬಾಗಿದ ಲೋಹದ ಪಟ್ಟಿಯಿಂದ ಆ ಕೆಸರನ್ನು ಕೆರೆದು ತೆಗೆಯುವುದು. ನಮ್ಮಲ್ಲಿ ಹನುಮಪ್ಪನಿದ್ದಂತೆ ಅಲ್ಲಿ ಹರ್ಮೀಸ್ ದೇವರು. ಸಾಕ್ರಟೀಸ್ ಹುಡುಗರೊಡನೆ ಸ್ನೇಹ, ಸಂಯಮಗಳ ಬಗ್ಗೆ ಚರ್ಚಿಸುವುದನ್ನು ಪ್ಲೇಟೊ ಇಂಥ ಗರಡಿಗಳಲ್ಲೇ ಚಿತ್ರಿಸಿದ್ದಾನೆ. ಆದರೆ ಗುಲಾಮರು ಅಲ್ಲಿ ಎಣ್ಣೆ ಹಚ್ಚಿಕೊಂಡು ಸಾಧನೆ ಮಾಡಕೂಡದೆಂಬ ಕಟ್ಟಳೆ ಶಾಸನಕಾರ ಸೊಲೊನನ ಹೆಸರಿನಲ್ಲಿತ್ತು. ನಾಗರಿಕರ ಮನೆಯ ಹೆಣ್ಣಿಗಂತೂ ಅತ್ತ ದಾರಿಯೇ ಇರಲಿಲ್ಲ.

ಹಾಗಾದರೆ ಅವಳಿಗೆ ವ್ಯಾಯಾಮ? ಝೆನೊಫೊನ್ ಬರೆದ ಗೃಹಕೃತ್ಯದ ಗ್ರಂಥದಲ್ಲಿ ಇಸ್ಕೊಮಾಕಸ್ ಎಂಬ ಯಜಮಾನ ಬರುತ್ತಾನೆ. ಮದುವೆಯಾದಾಗ ಅವನ ಹೆಂಡತಿಗೆ ಇನ್ನೂ 15 ತುಂಬಿರಲಿಲ್ಲ. ಅವಳಿಗೆ ಅವನ ಬುದ್ಧಿಮಾತು: ಹಿಟ್ಟು ನಾದು, ಬಟ್ಟೆ ಕೊಡವಿ ಮಡಚು, ಮನೆಯಲ್ಲಿ ಓಡಾಡಿ ಮೇಲ್ವಿಚಾರಣೆ ಮಾಡು, ಅದೇ ಒಳ್ಳೆಯ ವ್ಯಾಯಾಮ. ಇದನ್ನು ಓದಿದಾಗ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಬೀಸೋದು, ಕುಟ್ಟೋದು, ನೀರು ಹೊರೋದು ಇರುವಾಗ ಹೆಣ್ಣುಮಕ್ಕಳಿಗೆ ಬೇರೆ ಕಸರತ್ತು ಯಾಕೆ ಎಂಬ ಮಾತು ನಮ್ಮ ಪಡಸಾಲೆಗಳಲ್ಲೂ ಕೇಳಿದ್ದೇ ಅಲ್ಲವೆ?

ಹೆಣ್ಣಿನ ತೋಳಿನಲ್ಲಿ ಕಸುವೇ ಇಲ್ಲವೆಂದು ಆ ಯಜಮಾನನೂ ಹೇಳಲಿಲ್ಲ, ನಮ್ಮ ಹಿರಿಯರೂ ಹೇಳಲಿಲ್ಲ. ಆ ಕಸುವು ಮನೆಗೇ ಮೀಸಲು ಎಂದರು. ನಸುಕಿನಲ್ಲಿ ಎರಡು ತಾಸು ದಂಡ–ಬೈಠಕ್ ಹೊಡೆಯಲು ಗಂಡಸಿಗೆ ಬಿಡುವು ಸಿಕ್ಕಿದ್ದು, ಅದೇ ಹೊತ್ತಿಗೆ ಒಲೆ, ಕೊಟ್ಟಿಗೆ, ನೀರಿನ ಕೊಡ ಮತ್ತೊಬ್ಬರ ಪಾಲಿಗೆ ಬಿದ್ದದ್ದರಿಂದ. ಮೇಲೆ ಬ್ರಹ್ಮಚರ್ಯದ ಹೆಸರಿನಲ್ಲಿ, ಹೆಣ್ಣಿನ ನೆರಳು ಬಿದ್ದರೆ ಪೈಲ್ವಾನನ ಬಲ ಸೋರುತ್ತದೆಂಬ ನಂಬಿಕೆ ಬೇರೆ. ತನ್ನ ಬಲದ ಅರ್ಧ ಪಾಲು ಬಂದದ್ದು ಅವಳ ಕೈಯಿಂದಲೇ ಎಂಬುದನ್ನು ಆ ನಂಬಿಕೆ ಮರೆಸಿತು. ಗರಡಿಯ ದೊಡ್ಡ ದೋಷವೆಂದು ನಾನು ಎಣಿಸುವುದು ಇದನ್ನೇ.

ಸ್ಪಾರ್ಟಾದ ಉದಾಹರಣೆ ಕೊಟ್ಟು ವಾದಿಸುವವರಿದ್ದಾರೆ. ಅಲ್ಲಿ ಹುಡುಗಿಯರು ಓಡಿದರು, ಕುಸ್ತಿ ಹಿಡಿದರು, ಭರ್ಜಿ ಎಸೆದರು ಎಂದು ಪ್ಲೂಟಾರ್ಕ್ ಬರೆದಿದ್ದಾನೆ, ನಿಜ. ಆದರೆ ಕಾರಣವನ್ನೂ ಅವನೇ ಕೊಟ್ಟಿದ್ದಾನೆ: ಗಟ್ಟಿ ತಾಯಿಗೆ ಗಟ್ಟಿ ಮಗು ಹುಟ್ಟಲಿ ಎಂದು. ಅಲ್ಲಿ ಬಾಗಿಲು ತೆರೆದದ್ದು ಅವಳಿಗಾಗಿ ಅಲ್ಲ, ಅವಳ ಬಸಿರಿಗಾಗಿ. ಅದೇ ಸ್ಪಾರ್ಟಾದ ರಾಜಕುವರಿ ಕಿನಿಸ್ಕಾ ಕ್ರಿ.ಪೂ. 396 ಮತ್ತು 392ರಲ್ಲಿ ಒಲಿಂಪಿಕ್ ರಥಸ್ಪರ್ಧೆ ಗೆದ್ದಳು. ಆ ಸ್ಪರ್ಧೆಯಲ್ಲಿ ಗೆಲುವು ಕುದುರೆಗಳ ಒಡೆಯರದ್ದಾದ್ದರಿಂದ ಅವಳ ಹೆಸರು ಬಂತೇ ಹೊರತು ಲಗಾಮು ಹಿಡಿಯಲು ಅವಳು ಕಣಕ್ಕಿಳಿಯಲಿಲ್ಲ. ಇಂದೂ 'ಆರೋಗ್ಯವಂತ ತಾಯಿ' ಎಂಬ ಕಾರಣವೊಂದನ್ನೇ ಮುಂದಿಟ್ಟು ಹೆಣ್ಣುಮಕ್ಕಳ ಕ್ರೀಡೆಗೆ ಸಮ್ಮತಿ ಕೊಡುವವರು ಸ್ಪಾರ್ಟಾ ದಾಟಿ ಬಂದಿಲ್ಲ.

ಈ ವಿಷಯದಲ್ಲಿ ನೇರವಾಗಿ ಮಾತಾಡಿದವನು ಪ್ಲೇಟೊ. ಹೆಣ್ಣುಮಕ್ಕಳು ಗರಡಿಯಲ್ಲಿ ಗಂಡಸರ ಜೊತೆ ಸಾಧನೆ ಮಾಡಿದರೆ ಜನ ನಗುತ್ತಾರೆ, ಗಂಡಸರು ಬರಿಮೈಯಲ್ಲಿ ಕಸರತ್ತು ಶುರುಮಾಡಿದಾಗಲೂ ಹೀಗೇ ನಕ್ಕಿದ್ದರು, ರೂಢಿಯಾದ ಮೇಲೆ ನಗು ನಿಂತಿತು ಎಂಬುದು 'ರಿಪಬ್ಲಿಕ್' ಕೃತಿಯ 5ನೆಯ ಭಾಗದಲ್ಲಿ ಸಾಕ್ರಟೀಸನ ವಾದ. ಅಥೆನ್ಸ್ ಅದಕ್ಕೆ ಕಿವಿಗೊಡಲಿಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಕುಸ್ತಿ ಮೊದಲ ಸಲ ನಡೆದದ್ದು 2004ರಲ್ಲಿ. ನಡೆದ ಊರು ಅದೇ ಅಥೆನ್ಸ್.

ನಮ್ಮ ನೆಲಕ್ಕೆ ಬರೋಣ. ಬೆಳಗಾವಿ ಹತ್ತಿರದ ತುರಮುರಿಯ ರೈತನ ಮಗಳು ಮಲಪ್ರಭಾ ಜಾಧವ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದಳು. ಕುರಾಶ್ ಎಂದರೆ ಮಧ್ಯ ಏಷ್ಯಾದ ಕುಸ್ತಿಯೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿಯ ಹೆಸರು ಹೊತ್ತ ಈ ಹುಡುಗಿ ಬೆಳೆದದ್ದು ಮ್ಯಾಟಿನ ಮೇಲೆ, ಜೂಡೊ ಕಲಿತು. ತಲೆಮಾರುಗಳಿಂದ ಕುಸ್ತಿ ಬಲ್ಲ ಸೀಮೆಯಲ್ಲಿ ಹುಟ್ಟಿದವಳಿಗೆ ದಾರಿ ತೋರಿಸಿದ್ದು ಜಪಾನಿನ ವಿದ್ಯೆ, ನಮ್ಮ ಮಟ್ಟಿಯಲ್ಲ. ಇದು ಅವಳ ಹೆಮ್ಮೆ. ತಾಲೀಮಿಗೆ ಮಾತ್ರ ನಾಚಿಕೆ.

ಈಚೆಗೆ ಮೈದಾನಗಳಲ್ಲಿ ಹುಡುಗಿಯರ ಜೋಡಿಗಳನ್ನೂ ಬಿಡುತ್ತಿದ್ದಾರೆ. ಒಳ್ಳೆಯದೇ. ಆದರೆ ದೊಡ್ಡ ಕುಸ್ತಿಗೆ ಮುಂಚಿನ ಬೆರಗಿನ ಆಟವಾಗಿ ಅವರನ್ನು ಇಳಿಸಿ, ಚಪ್ಪಾಳೆ ತಟ್ಟಿ ಕಳಿಸಿದರೆ ಏನೂ ಬದಲಾಗದು. ಮೈದಾನ ವರ್ಷಕ್ಕೊಂದು ದಿನ, ತಾಲೀಮು ದಿನಾಲೂ. ಅಲ್ಲಿ ಅವಳಿಗೆ ಹೊತ್ತು ಸಿಗಬೇಕು, ಕಲಿಸುವ ವಸ್ತಾದರು ಸಿಗಬೇಕು, ಮನೆಯಲ್ಲಿ ಅವಳ ಪಾಲಿನ ಖುರಾಕು ಸಿಗಬೇಕು. ಅವಳು ಸಾಧನೆಗೆ ಹೋದ ಎರಡು ತಾಸು ಅಣ್ಣನೋ ತಮ್ಮನೋ ಎಮ್ಮೆ ಹಿಂಡಬೇಕು.

ಗರಡಿ ಮುಚ್ಚುತ್ತಿವೆ, ಹುಡುಗರು ಜಿಮ್ಮಿಗೆ ಹೋಗುತ್ತಿದ್ದಾರೆ ಎಂದು ಹಿರಿಯ ಪೈಲ್ವಾನರು ಮರುಗುವುದನ್ನು ಕೇಳಿದ್ದೇನೆ. ಮಟ್ಟಿ ತುಳಿಯುವ ಕಾಲುಗಳು ಕಡಿಮೆಯಾಗಿವೆ ಎಂಬುದು ಅವರ ಅಳಲು. ಆ ಹಿರಿಯರಿಗೆ ನನ್ನ ಅರಿಕೆ ಇಷ್ಟೆ: ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಕಾಲುಗಳಿವೆ, ನಾಳೆ ನಸುಕಿನಲ್ಲಿ ಅವರನ್ನೂ ಎಬ್ಬಿಸಿ ಕರೆದುಕೊಂಡು ಬನ್ನಿ.